ಸಿದ್ಧಾರ್ಥನ ಮೇಲ್‌ಬಾಕ್ಸ್

ಮೊದಲ ಏಟು ಬೆನ್ನಿಗೆ ಬಿತ್ತು. ಎರಡನೆಯದು ಬಲಗೈಗೆ. ಕೀಬೋರ್ಡಿನ ಮೇಲಿದ್ದ ಎರಡು ಬೆರಳು ಲಟಕ್ಕೆಂದು ಮುರಿದ ಸದ್ದು ಅನಂತರಾಜುವಿಗೇ ಕೇಳಿಸಿತು.

"ಏಳ್ಲಾ ಮೇಲಕ್ಕೆ! ನಮ್ಮಪ್ಪನ್ನ ಕೊಂದೋನ್ನ ಬುಡುಸ್ಕಳಕೆ ಸುಳ್ಳು ಕಾಗ್ದ ಹುಟ್ಟುಸ್ತಿದ್ದೀಯಂತೆ?"

ಕಬ್ಬಿಣದ ಪೈಪು ಹಿಡಿದು ನಿಂತಿದ್ದವನು ದೀಪು, ಸಾತನೂರು ರಸ್ತೆಯ ಈ ಗ್ರಾನೈಟ್ ಕಾರ್ಖಾನೆಯ ಲಾರಿ ಡ್ರೈವರ್. ಮೊನ್ನೆ ಮೊನ್ನೆಯ ತನಕ ಅನಂತರಾಜುವನ್ನು ಅಣ್ಣಾ ಅನ್ನುತ್ತಿದ್ದವನು. ಅವನ ಅಪ್ಪ ಬೋರಲಿಂಗಯ್ಯ ಇಲ್ಲೇ ಕ್ರೇನಿನ ಕೆಳಗೆ ನಿಂತು ಬಂಡೆ ಕಟ್ಟುತ್ತಿದ್ದ. ತಿಂಗಳ ಹಿಂದೆ ಕ್ರೇನಿನ ಉಕ್ಕಿನ ಹಗ್ಗ ಕಿತ್ತು ಎಂಟು ಟನ್ನಿನ ಬಂಡೆ ಅವನ ಮೇಲೆ ಬಿತ್ತು. ಮಣ್ಣು ಮಾಡಲು ಮನೆಯವರಿಗೆ ಸಿಕ್ಕಿದ್ದು ಒಂದು ಸಣ್ಣ ಗಂಟು. ಹಗ್ಗ ನೋಡಿಕೊಳ್ಳದೆ ಹೋದದ್ದು ಸೂಪರ್‌ವೈಸರ್ ಸಿದ್ಧಾರ್ಥನ ತಪ್ಪು ಎಂದು ಮಾಲೀಕ ಮರಿಯಪ್ಪ ಪೊಲೀಸರಿಗೆ ಬರೆದುಕೊಟ್ಟ. ಸಿದ್ಧಾರ್ಥ ಜೈಲಿಗೆ ಹೋದ.

ಹೊಸ ಹಗ್ಗ ಬೇಕೆಂದು ಸಿದ್ಧಾರ್ಥ ಮರಿಯಪ್ಪನಿಗೆ ಮೂರು ಸಲ ಮೇಲ್ ಬರೆದಿದ್ದ. ಮರಿಯಪ್ಪ ತನ್ನ ಕಡೆಯದನ್ನು ಒರೆಸಿಹಾಕಿ, ಮೇಲ್ ಸರ್ವರ್ ನೋಡಿಕೊಳ್ಳುವ ಅನಂತರಾಜುವನ್ನು ಕರೆದು, "ಅವನ್ ಮೇಲ್‌ಬಾಕ್ಸ್ ತಗುದ್ಬುಡು" ಅಂದ. ಇವನು ತೆಗೆದ. ಆದರೆ ಅಳಿಸಿದ ಬಾಕ್ಸನ್ನು ಸರ್ವರ್ ಮೂವತ್ತು ದಿನ ಮೂಲೆಯಲ್ಲಿ ಇಟ್ಟುಕೊಂಡಿರುತ್ತದೆ. ಮೂವತ್ತು ತುಂಬಿದ ದಿನ ಬೆಳಿಗ್ಗೆ ಹತ್ತಕ್ಕೆ ತಾನೇ ಗುಡಿಸಿ ಹಾಕುತ್ತದೆ. ಈ ಸಂಗತಿಯನ್ನು ಅನಂತರಾಜು ಯಜಮಾನನಿಗೂ ಹೇಳಲಿಲ್ಲ, ನಾಲ್ಕು ಸಲ ಬಂದು ಕೈಮುಗಿದ ಸಿದ್ಧಾರ್ಥನ ಹೆಂಡತಿ ರಮ್ಯಾಳಿಗೂ ಹೇಳಲಿಲ್ಲ. "ನೋಡಾಣ ಕಣಮ್ಮ" ಅಂದು ಮನೆಗೆ ಹೋಗಿ ಉಂಡು ಮಲಗುತ್ತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೇಡಿಗಳ ಬಾಳು ಹೀಗೆಯೇ ಸಾಗುತ್ತದೆ.

ಮೂವತ್ತನೆಯ ದಿನ ಆಯುಧಪೂಜೆಯಂದು ಬಿತ್ತು. ಎಲ್ಲ ಮುಗಿಯಿತೆಂದು ಅನಂತರಾಜು ಒಬ್ಬಟ್ಟು ಮುಟ್ಟದೆ ಕೂತಿದ್ದ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಸರ್ವರ್ ಕುಂಕುಮ ಇಟ್ಟುಕೊಂಡು, ಸೇವಂತಿಗೆ ಹಾರ ಹಾಕಿಕೊಂಡು ತಣ್ಣಗೆ ಮಲಗಿತ್ತು! ಪೂಜೆಯ ದಿನ ಯಂತ್ರಗಳಿಗೂ ಬಿಡುವು. ಮರಿಯಪ್ಪ ತಾನೇ ನಿಂತು ಕ್ರೇನಿನಿಂದ ಕಂಪ್ಯೂಟರಿನವರೆಗೆ ಎಲ್ಲದರ ಕರೆಂಟು ತೆಗೆಸಿದ್ದ. ನಿನ್ನೆ ಹತ್ತಕ್ಕೆ ಗುಡಿಸಬೇಕಾಗಿದ್ದದ್ದು ಗುಡಿಸಿರಲಿಲ್ಲ. ಗುಡಿಸುವುದು ದಿನಕ್ಕೊಮ್ಮೆ ಹತ್ತಕ್ಕೆ ಮಾತ್ರ; ಸರ್ವರ್ ಹಚ್ಚಿದರೆ ಇವತ್ತು ಹತ್ತಕ್ಕೆ ಗುಡಿಸುತ್ತದೆ. ಅನಂತರಾಜು ಗಡಿಯಾರ ನೋಡಿದ. ಒಂಬತ್ತೂವರೆ. ಸರ್ವರ್ ಹಚ್ಚಿ, ಹೊಸ ಹೆಸರಿನಲ್ಲಿ ಖಾಲಿ ಖಾತೆಯೊಂದನ್ನು ತೆರೆದು, ಹಳೆಯ ಬಾಕ್ಸನ್ನು ಅದಕ್ಕೆ ಜೋಡಿಸಲು ಕೂತ. ತೆರೆಯ ಮೇಲೆ ಸಿದ್ಧಾರ್ಥನ ಹೆಸರು ಕಂಡ ವಾಚ್‌ಮನ್ ಮರಿಯಪ್ಪನಿಗೆ ಫೋನ್ ಮಾಡಿದ. ಮರಿಯಪ್ಪ ದೀಪುವಿನ ಕಿವಿ ಊದಿದ.

ಮೂರನೆಯ ಏಟಿಗೆ ಅನಂತರಾಜು ಕುರ್ಚಿಯಿಂದ ಉರುಳಿದ. ದೀಪು ಅವನ ಬಾಯಿಗೆ ಒದ್ದ. ಹಲ್ಲೊಂದು ನೆಲದ ಮೇಲೆ ಟಣ್ಣೆಂದಿತು. ಆಮೇಲೆ ದೀಪು ಸರ್ವರಿನ ಕಡೆ ತಿರುಗಿ ಪೈಪು ಎತ್ತಿದ. ಅನಂತರಾಜು ತೆವಳಿಕೊಂಡು ಹೋಗಿ ಸರ್ವರನ್ನು ತಬ್ಬಿಕೊಂಡ. ಏಟುಗಳು ಬೆನ್ನ ಮೇಲೆ ಬಿದ್ದವು. ಒಂದು, ಎರಡು, ಮೂರು. ಪಕ್ಕೆಯೊಳಗೆ ಏನೋ ಮುರಿಯಿತು.

"ಇದ್ನ ಮುಟ್ಬ್ಯಾಡ ಕಣ್ಲಾ!" ಬಾಯಿಂದ ರಕ್ತ ಉಗುಳುತ್ತ ಕೂಗಿದ. "ನಿಮ್ಮಪ್ಪನ ವಿಚಾರ ಇದ್ರಾಗೈತೆ. ಓದ್ಬುಟ್ಟು ಕೊಲ್ಲು ನನ್ನ!"

ಪೈಪು ಮೇಲೆಯೇ ನಿಂತಿತು. ಅನಂತರಾಜು ಮೇಜು ಹಿಡಿದು ಎದ್ದ. ಹತ್ತಕ್ಕೆ ಇನ್ನು ನಾಲ್ಕು ನಿಮಿಷವಿತ್ತು. ಎಡಗೈಯಲ್ಲಿ ಬಾಕ್ಸನ್ನು ಜೋಡಿಸಿದ. ಅಳಿಸಿದ್ದ ಮೇಲ್‌ಗಳು ಒಂದೊಂದಾಗಿ ತೆರೆಯ ಮೇಲೆ ಬಂದವು. ಕೊನೆಯದನ್ನು ತೆರೆದ.

"ಸರ್, ಮೂರನೆಯ ಸಲ ಬರೆಯುತ್ತಿದ್ದೇನೆ. ಹಗ್ಗದ ಎಳೆಗಳು ಕಿತ್ತುಹೋಗಿವೆ. ಇದರ ಕೆಳಗೆ ನಿಲ್ಲಲಾರೆ ಎಂದು ಬೋರಲಿಂಗಯ್ಯನವರು ಅಳುತ್ತಿದ್ದಾರೆ."

ಕೆಳಗೆ ಮರಿಯಪ್ಪನ ಉತ್ತರವಿತ್ತು: "ನಿಲ್ಲದಿದ್ದರೆ ಅವನ ಮಗನಿಗೂ ನಾಳೆಯಿಂದ ಲಾರಿ ಇಲ್ಲ ಎಂದು ಹೇಳು. ನಿಲ್ಲುತ್ತಾನೆ."

ದೀಪು ಅದನ್ನು ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದ. ಅಪ್ಪ ಯಾಕೆ ನಿಂತನೆಂದು ಅವನಿಗೆ ಗೊತ್ತಾಯಿತು. ಅವನ ಗಂಟಲಿನಿಂದ ಬಂದದ್ದು ಅಳುವಲ್ಲ, ಕತ್ತು ಕುಯ್ಯಿಸಿಕೊಳ್ಳುವ ಹಂದಿಯ ಕೂಗು.

"ಕಳ್ಸು. ಆವಮ್ಮಂಗೆ ಕಳ್ಸು."

ಅನಂತರಾಜು ಎಡಗೈಯಲ್ಲೇ ರಮ್ಯಾಳಿಗೂ ಅವಳ ವಕೀಲರಿಗೂ ಕಳಿಸಿದ. ಹೋಯಿತೆಂದು ತೆರೆ ಹೇಳಿತು.

"ಇದ್ನ ಅಳ್ಸಿದ್ದು ಯಾರು?"

"ಮರಿಯಪ್ಪ" ಅಂದುಬಿಟ್ಟಿದ್ದರೆ ನಡೆಯುತ್ತಿತ್ತು. ಅರ್ಧ ನಿಜವೂ ಹೌದು. ಆದರೆ ತಿಂಗಳಿಡೀ ಅರ್ಧ ನಿಜವನ್ನೇ ಉಂಡು ಅನಂತರಾಜುವಿಗೆ ವಾಕರಿಕೆ ಬಂದಿತ್ತು.

"ಅವ್ರು ಹೇಳುದ್ರು. ಅಳ್ಸಿದ್ದು ನಾನೇ ಕಣಪ್ಪ."

ಪೈಪು ಮೇಲೆದ್ದಿತು. ಈ ಸಲ ಅನಂತರಾಜು ಕೈ ಅಡ್ಡ ತರಲಿಲ್ಲ. ಕೈಯನ್ನು ಮೇಜಿನ ಮೇಲೇ ಬಿಟ್ಟ. ಒಂದೇ ಏಟಿಗೆ ಎಡಗೈಯೂ ಹೋಯಿತು.

ದೀಪು ಅದೇ ಪೈಪು ಹಿಡಿದು ಮರಿಯಪ್ಪನ ಮನೆಯ ದಾರಿ ಹಿಡಿದ. ಅನಂತರಾಜುವಿನ ಫೋನು ಮೇಜಿನ ಮೇಲೆ ಮೊಳದ ದೂರದಲ್ಲಿತ್ತು. ಎಚ್ಚರಿಕೆ ಹೇಳೋಣವೆಂದರೆ ಒತ್ತಲು ಅವನಿಗೆ ಕೈಯಿರಲಿಲ್ಲ. ಕೈಯಿದ್ದಿದ್ದರೂ ಒತ್ತುತ್ತಿರಲಿಲ್ಲ.