ಅಕ್ಕತಂಗಿಯರ ಮುಖ

ಮುಖ ಗುರುತಿಸುವ ಕಂಪ್ಯೂಟರ್ ವಿದ್ಯೆಗೆ ದಿವ್ಯ ತನ್ನ ಅರ್ಧ ಆಯುಷ್ಯವನ್ನೇ ಕೊಟ್ಟಿದ್ದಳು. ಪಾಂಡವಪುರದ ಬಳಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಅವಳು ಹಿಡಿದಿದ್ದ ಹಟ ಒಂದೇ: ಒಡಹುಟ್ಟಿದವರ ಮುಖಗಳನ್ನು ಯಂತ್ರ ಬೇರೆಬೇರೆಯಾಗಿ ಕಾಣಬೇಕು. ಅದಿನ್ನೂ ಪೂರ್ತಿ ಕೈಗೂಡಿಲ್ಲ ಎಂದು ಬರೆದೂ ಇದ್ದಳು, ಹೇಳಿಯೂ ಇದ್ದಳು.

ಆ ವಿದ್ಯೆಯನ್ನೇ ಅವಳ ಹಳೆಯ ಶಿಷ್ಯ ಕಿಶನ್, ಅವಳ ಒಪ್ಪಿಗೆ ಪಡೆದು, ಶ್ರೀರಂಗಪಟ್ಟಣದ ಹತ್ತಿರದ ಒಂದು ಗಾರ್ಮೆಂಟ್ಸಿನ ಗೇಟಿಗೆ ಹಾಜರಿ ಯಂತ್ರವಾಗಿ ಕೂರಿಸಿದ. ಶೀಳನೆರೆಯಿಂದ ಬರುತ್ತಿದ್ದ ಯಶೋದಮ್ಮ ಮತ್ತವಳ ತಂಗಿ ಮಾಯಮ್ಮ ಅಲ್ಲಿ ಹೊಲಿಗೆಯವರು. ತಂಗಿ ನಿಂತರೂ ಯಂತ್ರ ಅಕ್ಕನ ಹೆಸರನ್ನೇ ತೋರಿಸಿತು. ಒಬ್ಬಳ ಹಾಜರಿಯನ್ನು ಇನ್ನೊಬ್ಬಳು ಹಾಕುತ್ತಿದ್ದಾಳೆಂದು ಮ್ಯಾನೇಜರ್ ರಂಗಸ್ವಾಮಿ ಇಬ್ಬರನ್ನೂ ಎಲ್ಲರೆದುರೇ ಆಚೆ ಅಟ್ಟಿದ. ಮಾಯಮ್ಮನ ಮಗಳು ಸಹನ ದಿವ್ಯಳ ವಿದ್ಯಾರ್ಥಿನಿ. ಅವಳು ಅಳುತ್ತಾ ಹೇಳಿದ್ದನ್ನು ಕೇಳಿ ದಿವ್ಯಳ ಮೈ ಉರಿದುಹೋಯಿತು.

ಮಾರನೇ ಬೆಳಿಗ್ಗೆಯೇ ಅಕ್ಕತಂಗಿಯರನ್ನು ಕರೆದುಕೊಂಡು ಫ್ಯಾಕ್ಟರಿಗೆ ನುಗ್ಗಿದಳು. ಕಿಶನ್‌ನನ್ನೂ ಅಲ್ಲಿಗೇ ಕರೆಸಿದಳು. ಇಬ್ಬರು ಹೆಂಗಸರನ್ನೂ ಒಬ್ಬರ ಹಿಂದೊಬ್ಬರಂತೆ ಯಂತ್ರದ ಮುಂದೆ ನಿಲ್ಲಿಸಿದಾಗ ಎರಡು ಸಲವೂ ಯಶೋದಮ್ಮನ ಹೆಸರೇ ಬಂತು. ರಂಗಸ್ವಾಮಿಯ ಮುಖ ಕಪ್ಪಿಟ್ಟಿತು. ಯಾಕೆ ಹೀಗೆ ಎಂದು ದಿವ್ಯ ಕೇಳಿದ್ದಕ್ಕೆ ಕಿಶನ್ ತಡವರಿಸಿದ. ಗೇಟಿನಲ್ಲಿ ಸಾಲು ನಿಲ್ಲುತ್ತದೆಂದು ಫ್ಯಾಕ್ಟರಿಯವರು ಗೊಣಗಿದರಂತೆ. ಮುಖ ಅಷ್ಟಿಷ್ಟು ಹೋಲಿದರೂ ಒಪ್ಪಿಕೊಳ್ಳುವಂತೆ ಯಂತ್ರವನ್ನು ಸಡಿಲ ಮಾಡಿದನಂತೆ.

"ಅಕ್ಕತಂಗೀರು ಸಿಕ್ಕಿಹಾಕ್ಕೋತಾರೆ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತಿದ್ದೆ," ಎಂದಳು ದಿವ್ಯ.

ಆಗಿದ್ದಾಯಿತು, ಇಬ್ಬರೂ ನಾಳೆಯಿಂದ ಕೆಲಸಕ್ಕೆ ಬರಲಿ ಎಂದ ರಂಗಸ್ವಾಮಿ. ಯಶೋದಮ್ಮ ಜಗ್ಗಲಿಲ್ಲ.

"ಕಳ್ಳೀರು ಅಂತ ಎಲ್ರ ಮುಂದೆ ಅಟ್ಬುಟ್ರಿ. ಕಳ್ಳೀರಲ್ಲ ಅಂತ್ಲೂ ಎಲ್ರ ಮುಂದೇನೇ ಯೋಳಿ."

ಅದೆಲ್ಲ ಆಗದ ಮಾತು ಎಂದ ಅವನು.

"ಹಾಗಾದ್ರೆ ಈ ಯಂತ್ರ ಸುಳ್ಳು ಹೇಳುತ್ತೆ ಅಂತ ಲೇಬರ್ ಆಫೀಸಿಗೆ ನಾನೇ ಹೋಗಿ ಹೇಳ್ತೀನಿ. ಇದರ ವಿದ್ಯೆ ನಂದು," ಎಂದಳು ದಿವ್ಯ.

ಊಟದ ಬೆಲ್ಲಿಗೆ ಹೆಂಗಸರೆಲ್ಲ ಹೊರಬಂದಾಗ ರಂಗಸ್ವಾಮಿ ನೆಲ ನೋಡುತ್ತಾ ತಪ್ಪೊಪ್ಪಿಕೊಂಡ. ಕೇಳಿಸಲಿಲ್ಲ ಎಂದು ಹಿಂದಿನಿಂದ ಯಾರೋ ಕೂಗಿದರು. ಅವನು ಇನ್ನೊಮ್ಮೆ ಹೇಳಬೇಕಾಯಿತು. ಮಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಶೋದಮ್ಮ ಅವನನ್ನೇ ದುರುಗುಟ್ಟಿಕೊಂಡು ನಿಂತಿದ್ದಳು.

ದಿವ್ಯ ಅಲ್ಲಿಂದ ಕದಲದೆ ನಿಂತು ಯಂತ್ರ ಕಳಚಿಸಿದಳು. ಕೊಟ್ಟ ಒಪ್ಪಿಗೆಯನ್ನೂ ವಾಪಸು ಪಡೆದಳು. ಕಿಶನ್ ಕಾರಿನವರೆಗೂ ಹಿಂದೆಯೇ ಬಂದ. ನಾಗಮಂಗಲದ ಕಡೆಯ ಫ್ಯಾಕ್ಟರಿಯವರೂ ಕೇಳುತ್ತಿದ್ದಾರೆ, ಈಗ ಕೈಬಿಟ್ಟರೆ ತನ್ನ ಕಂಪನಿ ಮುಚ್ಚಿಹೋಗುತ್ತದೆ ಎಂದು ಗೋಗರೆದ.

"ಮುಚ್ಚಲಿ," ಎಂದು ಅವಳು ಬಾಗಿಲು ಎಳೆದುಕೊಂಡಳು.