ಹರುನೊಳ ಕಬ್ಬಿಣದ ದೋಣಿ

ನಾನು ಮದ್ದು ಅರೆಯುವ ದೋಣಿ. ನೀರಿಗೆ ಬಿಟ್ಟರೆ ಮುಳುಗಿಹೋಗುವ ದೋಣಿ: ಎರಕದ ಕಬ್ಬಿಣದ ಉದ್ದನೆಯ ತೊಟ್ಟಿ, ಅದರೊಳಗೆ ಹಿಂದೆ ಮುಂದೆ ಉರುಳುವ ಒಂದು ಗಾಲಿ. ಜಪಾನಿನ ಒಸಾಕಾದ ಬಳಿ ಕುಲುಮೆಯೊಂದರಲ್ಲಿ ಹುಟ್ಟಿ, ಮದ್ದಿನಂಗಡಿಗಳ ಬೀದಿಗೆ ಬಂದೆ. ನನ್ನನ್ನು ಕೊಂಡವನು ಹರುನೊಳ ಗಂಡ.

ಅವನು ಮುಂದೆ ಕೂತು ಮಾರುತ್ತಿದ್ದ. ಹರುನೊ ಹಿಂದೆ ಕೂತು ಅರೆಯುತ್ತಿದ್ದಳು. ಕಹಿ ತೊಗಟೆಗೆ ಒಣಶುಂಠಿ ಬೆರೆಸಿ ಅವಳೇ ಹದ ಕಂಡ ಹೊಟ್ಟೆನೋವಿನ ಪುಡಿ ಊರೆಲ್ಲ ಹೆಸರಾಯಿತು. ಅಷ್ಟರಲ್ಲಿ ಗಂಡ ಕಾಲರಾದಿಂದ ಸತ್ತ. ಸೂತಕ ಕಳೆಯುವ ಮೊದಲೇ ಮೈದುನ ಕಾನ್‌ಸುಕೆ ಗಲ್ಲಾದ ಮುಂದೆ ಬಂದು ಕೂತ.

"ಅತ್ತಿಗೆ, ಮಗಳನ್ನ ಕರ್ಕೊಂಡು ತವರಿಗೆ ಹೋಗಿ. ಇಲ್ಲಿ ಇನ್ನೇನಿದೆ ನಿಮಗೆ?"

"ಪುಡಿ ನನ್ನದು."

"ಪೊಟ್ಟಣದ ಮೇಲೆ ನಮ್ಮ ಮನೆತನದ ಹೆಸರಿದೆ. ನಿಮ್ಮದು ಎಲ್ಲಿದೆ, ತೋರಿಸಿ?"

ಹರುನೊ ಮಗಳನ್ನು ಬೆನ್ನಿಗೆ ಕಟ್ಟಿ, ನನ್ನನ್ನು ತೋಳಲ್ಲಿ ಅವುಚಿಕೊಂಡು ಹೊಸ್ತಿಲು ದಾಟಿದಳು. ತವರಿಗೆ ಹೋಗಲಿಲ್ಲ. ಬೀದಿಯ ಆಚೆ ಬದಿ, ಅವನ ಬಾಗಿಲಿಗೆ ನೇರ ಎದುರು, ಒಂದು ಮುರುಕು ಕೋಣೆ ಹಿಡಿದಳು.

"ಇವನ ಬಾಗಿಲು ಮುಚ್ಚೋದು ನೋಡದೆ ನಾನು ಸಾಯಲ್ಲ" ಅಂದಳು.

ಕಾನ್‌ಸುಕೆ ಬಾಗಿಲಲ್ಲಿ ಕಂಡಾಗಲೆಲ್ಲ ಗಾಲಿಯ ಮೇಲೆ ಅವಳ ಭಾರ ಹೆಚ್ಚುತ್ತಿತ್ತು. ಪುಡಿ ಇನ್ನಷ್ಟು ನುಣ್ಣಗಾಗುತ್ತಿತ್ತು. ನನಗೂ ಆ ಹಗೆಯ ರುಚಿ ಹತ್ತಿತು.

ಆದರೂ ಸತ್ತಳು. ಎದುರಿನ ಬಾಗಿಲು ತೆರೆದೇ ಇತ್ತು.

ಮಗಳು ಕಟ್ಟಿದ ಕಂಪನಿಯಿಂದ ಹರುನೊಳ ಪುಡಿ ಹಡಗು ಹತ್ತಿ ತೈವಾನಿಗೆ, ಸಿಂಗಾಪುರಕ್ಕೆ ಹೋಯಿತು. ಯುದ್ಧದಲ್ಲಿ ಬೀದಿ ಉರಿದಾಗ ಬೂದಿ ಕೆದಕಿ ನನ್ನನ್ನು ಎತ್ತಿದರು. ಆಮೇಲೆ ಮಾತ್ರೆ ಒತ್ತುವ ಯಂತ್ರಗಳು ಬಂದು ನನ್ನ ಕೆಲಸ ಹೋಯಿತು. ಹರುನೊಳ ಮೊಮ್ಮಗಳು ಸುಮಿಕೊ ಕಂಪನಿಯ ಒಡತಿಯಾದಳು. ಜರ್ಮನಿಯಲ್ಲಿ ಪ್ರಯೋಗಾಲಯ, ಬ್ರೆಜಿಲ್‌ನಲ್ಲಿ ಕಾರ್ಖಾನೆ. ಎಲ್ಲಿಗೆ ಹೋದರೂ ಅವಳ ಮೊದಲ ಪ್ರಶ್ನೆ, "ಎದುರಿನವರು ಇಲ್ಲಿದ್ದಾರಾ?" ಕಾನ್‌ಸುಕೆ ಮನೆಯವರ ಕಂಪನಿ ಅಲ್ಲಿದ್ದರೆ ಅವರಿಗಿಂತ ಒಳ್ಳೆಯ ಔಷಧ ತಂದು, ಅವರು ಗಂಟುಮೂಟೆ ಕಟ್ಟುವವರೆಗೂ ಬಿಡುತ್ತಿರಲಿಲ್ಲ.

ಕೊನೆಗೆ ಕಾನ್‌ಸುಕೆಯ ಮೊಮ್ಮಗ ಶಿಗೆರು ತನ್ನ ಕಂಪನಿಯನ್ನು ಸುಮಿಕೊಳಿಗೇ ಮಾರಲು ಬಂದು ತಲೆಬಾಗಿ ನಿಂತ.

"ನಮ್ಮ ಕೆಲಸಗಾರರನ್ನ ಬೀದಿಗೆ ಹಾಕಬೇಡಿ."

"ಒಬ್ಬರನ್ನೂ ಹಾಕಲ್ಲ. ಆದರೆ ನೀವೂ ನನ್ನ ಹತ್ತಿರ ಕೆಲಸ ಮಾಡಬೇಕು."

ಕಂಪನಿಯ ವಸ್ತುಸಂಗ್ರಹಾಲಯದಲ್ಲಿ, ಗಾಜಿನ ಪೆಟ್ಟಿಗೆಯಲ್ಲಿದ್ದ ನನ್ನ ಪಕ್ಕದಲ್ಲಿ ಅವನನ್ನು ನಿಲ್ಲಿಸಿದಳು. ಬಂದವರಿಗೆಲ್ಲ ಹರುನೊಳನ್ನು ಹೊರಹಾಕಿದ ಕಥೆಯನ್ನು ಅವನೇ ಹೇಳಬೇಕು. ದಿನಾ ಹೇಳಿದ. ದಿನಾ ನಾನು ಸವಿದೆ.

ಒಮ್ಮೆ ಶಾಲೆಯ ಹುಡುಗಿಯೊಬ್ಬಳು ಕೇಳಿದಳು, "ಆ ಕೆಟ್ಟವನು ನಿಮಗೇನಾಗಬೇಕು ತಾತ?"

"ನನ್ನಜ್ಜ. ಹೆಗಲ ಮೇಲೆ ಕೂರಿಸ್ಕೊಂಡು ನನಗೆ ಊರು ತೋರಿಸಿದವನು."

ಹಿಂದೆ ನಿಂತಿದ್ದ ಸುಮಿಕೊ ಮುಂದೆ ಬಂದಳು. "ನಾಳೆಯಿಂದ ಬರಬೇಡಿ. ಸಾಕು." ಶಿಗೆರು ಬಾಗಿ ನಮಸ್ಕರಿಸಿ ಹೊರಟುಹೋದ.

ಈಗ ಸಮವಸ್ತ್ರದ ಹುಡುಗಿಯೊಬ್ಬಳು ನನ್ನ ಕಥೆ ಹೇಳುತ್ತಾಳೆ. "ಕುಟುಂಬದಲ್ಲಿ ಸಣ್ಣ ಮನಸ್ತಾಪ" ಎಂದು ನಕ್ಕು ಮುಂದಿನ ಕೋಣೆಗೆ ಕರೆದೊಯ್ಯುತ್ತಾಳೆ. ಸಾಕು ಅಂದದ್ದು ಸುಮಿಕೊ. ನನ್ನನ್ನು ಯಾರೂ ಕೇಳಲಿಲ್ಲ.