ಸುಮ್ಮನೆ ಕೂರದ ಕೈ

ಕ್ಷೌರದ ಅಂಗಡಿಯವನಿಗೆ ಮುಖ ನೋಡುವುದೇ ಕಸುಬು. ಊರಿನ ಅರ್ಧ ಗಂಡಸರ ಗದ್ದ, ಮಚ್ಚೆ, ಗಾಯದ ಗುರುತು ಅವನಿಗೆ ಬಾಯಿಪಾಠ. ಕಾಣದೆ ಉಳಿದದ್ದು ಹೆತ್ತವಳ ಮುಖ ಒಂದೇ. ಅವನನ್ನು ಹೆತ್ತ ದಿನವೇ ಅವಳು ಕಣ್ಣು ಮುಚ್ಚಿದ್ದಳು. ಮನೆಯಲ್ಲಿ ಹೆಸರಿಗೂ ಒಂದು ಫೋಟೊ ಇರಲಿಲ್ಲ. ಹುಟ್ಟುತ್ತಲೇ ತಾಯಿಯನ್ನು ನುಂಗಿಕೊಂಡವನು ಎಂದು ನೆಂಟರು ಆಡಿದ ಮಾತು, ಅರವತ್ತು ದಾಟಿದರೂ ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದು ನಿಂತಿತ್ತು. ಆ ಮುಖದ ಮುಂದೆ ಒಂದು ಸಲ ನಿಂತು ತಪ್ಪಾಯಿತು ಎನ್ನಬೇಕು, ಅಷ್ಟೇ ಅವನ ಆಸೆ.

ಬಸುರಿಯಾಗಿದ್ದಾಗ ಅವಳು ಚಿತ್ರಕಲಾ ಶಾಲೆಯಲ್ಲಿ ಕಸ ಗುಡಿಸುತ್ತಿದ್ದಳು. ಅಲ್ಲಿನ ಮೇಷ್ಟ್ರೊಬ್ಬರು ಅವಳನ್ನು ಕೂರಿಸಿಕೊಂಡು ಚಿತ್ರ ಬರೆದಿದ್ದರು. ಯಾರದೋ ಬಂಗಲೆಯಲ್ಲಿದ್ದ ಆ ಚಿತ್ರ ಈಗ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಬಂದಿದೆಯೆಂದು ಪೇಪರಿನಲ್ಲಿ ಓದಿದ್ದೇ, ಅವನು ಅಂಗಡಿಗೆ ಬೀಗ ಜಡಿದ. ತನ್ನ ಗಡ್ಡವನ್ನು ಎರಡೆರಡು ಸಲ ಬೋಳಿಸಿಕೊಂಡ. ಸಾಕಿ ಬೆಳೆಸಿದ ಚಿಕ್ಕಮ್ಮನ ಕೈ ಹಿಡಿದು ಹೊರಟ. ಅಮ್ಮನನ್ನು ಕಂಡವರಲ್ಲಿ ಈಗ ಉಳಿದವಳು ಅವಳೊಬ್ಬಳೇ.

ಒಳಗೆ ಕೆಮ್ಮಲೂ ಹೆದರಿಕೆಯಾಗುವಷ್ಟು ಮೌನ.

“ಇಷ್ಟು ದೊಡ್ಡ ಗೋಡೆಗೆ ಒಂದೇ ಒಂದು ಚಿತ್ರನಾ? ಜಾಗ ದಂಡ,” ಎಂದಳು ಚಿಕ್ಕಮ್ಮ.

ಅವನಿಗೆ ನಗು ಬರಲಿಲ್ಲ. ಮುಖ ಹುಡುಕುತ್ತ ಕೋಣೆ ಕೋಣೆ ಸುತ್ತಿದ. ಹುಡುಕುತ್ತಿದ್ದ ಚಿತ್ರವನ್ನೇ ದಾಟಿ ಹೋಗಿದ್ದ; ಮೇಷ್ಟ್ರ ಹೆಸರು ಹೇಳಿ ಕೇಳಿದಾಗ ಕಾವಲಿನ ಹೆಂಗಸು ವಾಪಸು ಕರೆತಂದು ತೋರಿಸಬೇಕಾಯಿತು. ಹಸಿರು, ಕಂದು ಪಟ್ಟೆಗಳ ನಡುವೆ ಒಂದು ಸ್ಟೂಲು, ಅದರ ಮೇಲೆ ಹೆಂಗಸಿನ ಆಕಾರ. ಕುತ್ತಿಗೆಯಿಂದ ಮೇಲಕ್ಕೆ ಬಟ್ಟೆಯಲ್ಲಿ ಒರೆಸಿ ಬಿಟ್ಟಂಥ ಬೂದು ಬಣ್ಣ. ಕಣ್ಣಿಲ್ಲ, ಮೂಗಿಲ್ಲ. ಮಡಿಲ ತುಂಬ ಮಾತ್ರ ಒಂದರ ಮೇಲೊಂದು ಕೈಗಳು.

ಅವನು ಚಿಕ್ಕಮ್ಮನ ಕಡೆ ತಿರುಗಿದ.

“ಮುಖಾನೇ ಬರೆದಿಲ್ಲವಲ್ಲ ಚಿಕ್ಕಮ್ಮ. ಯಾರ ಹತ್ರ ಹೇಳ್ಕೊಳ್ಳಲಿ ನಾನು?”

ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. “ಅಕ್ಕನೇ ಕಣೋ ಇದು.”

“ಹೇಗೆ ಹೇಳ್ತೀಯ?”

“ಕೈ ನೋಡು. ಅವಳಿಗೆ ಊಟ ತಗೊಂಡು ಹೋದಾಗೆಲ್ಲ ನಾನು ಕಿಟಕೀಲಿ ನಿಂತು ನೋಡ್ತಿದ್ದೆ. ಎಷ್ಟೋ ವರ್ಷದಿಂದ ಮರೆತೇ ಹೋಗಿತ್ತು. ನೀನು ಹೊಟ್ಟೇಲಿ ಒದೀತಿದ್ದೆ. ಒದ್ದಾಗೆಲ್ಲ ಅವಳ ಕೈ ಅಲ್ಲಿಗೆ ಓಡೋದು. ಅಲುಗಾಡಬೇಡಮ್ಮ ಅಂತ ಗದರಿ ಗದರಿ ಮೇಷ್ಟ್ರಿಗೇ ಸಾಕಾಯ್ತು. ಕೊನೆಗೆ ಕೈ ಹೋದ ಕಡೆಯೆಲ್ಲ ಬರೆದ್ಬಿಟ್ರು.”

ಅವನು ಮತ್ತೆ ನೋಡಿದ. ಅಷ್ಟೂ ಕೈಗಳು ಒಂದೇ ಜಾಗವನ್ನು ಹುಡುಕಿಕೊಂಡು ಬಂದಿದ್ದವು.

“ನನ್ನ ಬೈತಿದ್ಲಾ?” ಎಂದು ಕೇಳಿದ.

“ಬೈಯೋದಾ? ಇದಕ್ಕೆ ಒಂದು ಗಳಿಗೆ ಸುಮ್ನಿರೋಕೆ ಆಗಲ್ಲ ಅಂತ ಬಿದ್ದು ಬಿದ್ದು ನಗ್ತಿದ್ಲು. ಆ ನಗು ನಿಂತಿದ್ರೆ ತಾನೇ ಅವರು ಮುಖ ಬರೆಯೋದು?”

ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದ ‘ತಪ್ಪಾಯಿತು’ ಗಂಟಲಲ್ಲೇ ಕರಗಿತು. ಕಾವಲಿನವಳು ನೋಡುತ್ತಿದ್ದಾಳೆಂಬ ಪರಿವೆಯೂ ಇಲ್ಲದೆ, ಆ ಬೂದು ಬಣ್ಣದ ಕಡೆಗೆ ಮುಖವೆತ್ತಿ, “ನಾನೇ ಕಣಮ್ಮ,” ಎಂದ, “ಒದೀತಿದ್ದವನು.”